ಹೊಸ ಅಕ್ಕಿಯ ಹಬ್ಬ

ಸೆಪ್ಟೆಂಬರ್ ೮ ಮಾತೆ ಮರಿಯಮ್ಮನವರ ಜನ್ಮದಿನ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಾದ ನಮಗೆ ಅದೇ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ತಂದು, ಕಾಳು ಸುಲಿದು, ಹಾಲಿನಲ್ಲಿ ಬೆರೆಸಿ ಮನೆಯ ಹಿರಿಯರು ಎಲ್ಲರಿಗೂ ಹಂಚುವರು. ಅಂದು ಮೀನುಮಾಂಸವಿಲ್ಲ, ಬಾಳೆಲೆಯ ಮೇಲೆ ಬರಿಯ ತರಕಾರಿಯೂಟ. ಕ್ರೈಸ್ತರಾಗುವ ಮುನ್ನಿನ ಪೂರ್ವಿಕರ ಸುಗ್ಗಿಯ ಆಚಾರವೇ ಇದರಲ್ಲಿ ಉಳಿದಿದೆಯೆಂದು ತಿಳಿದವರು ಹೇಳುವರು. ಅದರಿಂದ ನನಗೇನೂ ಸಂಕೋಚವಿಲ್ಲ.

ಗದ್ದೆ ಪಾಲಾದ ವರ್ಷ ನನಗೂ ಮುಂಬಯಿಯಲ್ಲಿದ್ದ ಅಣ್ಣನಿಗೂ ಮಾತು ನಿಂತಿತ್ತು. ತಾಯಿಯವರು ಆ ಬಗ್ಗೆ ಏನನ್ನೂ ಆಡಲಿಲ್ಲ. ಹಬ್ಬದಂದು ಮಾತ್ರ ಅಣ್ಣನ ಪಾಲಿನ ಕಾಳುಗಳನ್ನು ಕಾಗದದಲ್ಲಿ ಮಡಿಸಿ, ಲಕೋಟೆಯನ್ನು ನನ್ನ ಕೈಗಿತ್ತು, “ವಿಳಾಸ ಬರೆ” ಎಂದರು. ಬೆಳಗಿನ ಪೂಜೆಯಲ್ಲಿ ಕ್ಷಮೆಯ ಪ್ರಾರ್ಥನೆಯನ್ನು ತಡವರಿಸದೆ ಹೇಳಿ ಬಂದಿದ್ದ ನನಗೆ, ಆ ಹೆಸರನ್ನು ಬರೆಯಲು ಬಹಳ ಹೊತ್ತು ಹಿಡಿಯಿತು.