ಮರೆವೋ, ಮಸುಕೋ?

‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮಲ್ಲಿ ಬಹಳ ಸಲೀಸು. ಮನೆಯ ಹಿರಿಯರು ಸ್ವಲ್ಪ ತಡವರಿಸಿದರೆ ಸಾಕು, ವಯಸ್ಸಾಯಿತು ಎಂದು ಸುಮ್ಮನಾಗಿಬಿಡುತ್ತೇವೆ. ಹೋಗುತ್ತಿರುವುದು ನೆನಪೋ, ಕಣ್ಣೋ ಎಂದು ಕೇಳುವವರು ಕಡಿಮೆ.

ಶಿವಾಜಿನಗರದಲ್ಲಿದ್ದ ನನ್ನ ತಾಯಿಯ ತಾಯಿ, ನಮ್ಮೆಲ್ಲರ ನಾನಿ, ದುಪಟ್ಟಾಗಳಿಗೆ ಜರಿ ಕೆಲಸ ಮಾಡಿ ಮಕ್ಕಳನ್ನು ಬೆಳೆಸಿದವರು. ರಸೆಲ್ ಮಾರ್ಕೆಟ್‌ನಲ್ಲಿ ಐದು ರೂಪಾಯಿಗೂ ಚೌಕಾಸಿ ಮಾಡುತ್ತಿದ್ದವರು, ಕೆಲವು ವರ್ಷಗಳ ಹಿಂದೆ ಇಪ್ಪತ್ತರ ನೋಟೆಂದು ಇನ್ನೂರರ ನೋಟು ಕೊಟ್ಟು ಬರತೊಡಗಿದರು. ಚಹಾಕ್ಕೆ ಉಪ್ಪು ಹಾಕಿದರು. ಎದುರು ಬಂದ ಸಂಬಂಧಿಕರನ್ನು ಗುರುತಿಸದೆ ಮುಂದೆ ನಡೆದರು. “ನಾನಿಗೆ ಮರೆವು” ಎಂದು ಮನೆಯಲ್ಲಿ ತೀರ್ಮಾನವಾಯಿತು. ಒಲೆ ಹಚ್ಚುವುದು ನಿಂತಿತು, ಒಬ್ಬರೇ ಹೊರಗೆ ಹೋಗುವುದು ನಿಂತಿತು, ದುಡ್ಡಿನ ಚೀಲ ಮಾಮುವಿನ ಕೈ ಸೇರಿತು. ಮಂಚದ ಮೂಲೆ ಹಿಡಿದ ಮೇಲೆ ನಾನಿಯ ಮಾತೂ ಕಡಿಮೆಯಾಯಿತು.

ನೆನಪಿನ ಪರೀಕ್ಷೆಯಲ್ಲಿ ಒಂದು ವಾಕ್ಯ ಓದಲು, ಒಂದು ಚಿತ್ರ ನೋಡಿ ಹಾಗೆಯೇ ಬರೆಯಲು ಹೇಳಿದರು. “ಮೊದಲು ಕಾಗದ ಕಾಣಬೇಕಲ್ಲ ಬೇಟಾ” ಎಂದರು ನಾನಿ. ಕಣ್ಣಿನ ವೈದ್ಯರು ನೋಡಿದಾಗ ಎರಡೂ ಕಣ್ಣಲ್ಲಿ ಬಲಿತ ಪೊರೆ.

ಕಣ್ಣಿಗೂ ಮರೆವಿಗೂ ಇನ್ನೂ ಆಳವಾದ ನಂಟಿದೆ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗವು 2024ರಲ್ಲಿ, ಡಿಮೆನ್ಷಿಯಾದ ಅಪಾಯ ಹೆಚ್ಚಿಸುವ, ಆದರೆ ತಡೆಯಲು ಸಾಧ್ಯವಿರುವ 14 ಅಂಶಗಳನ್ನು ಗುರುತಿಸಿತು. ಚಿಕಿತ್ಸೆ ಪಡೆಯದ ದೃಷ್ಟಿದೋಷ ಆ ಪಟ್ಟಿಗೆ ಹೊಸದಾಗಿ ಸೇರಿತು. ಅಮೆರಿಕದ ಸಿಯಾಟಲ್‌ನಲ್ಲಿ 65 ದಾಟಿದ ಸುಮಾರು 3 ಸಾವಿರ ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಡಿಮೆನ್ಷಿಯಾದ ಅಪಾಯ ಶೇ. 30ರಷ್ಟು ಕಡಿಮೆಯಿತ್ತು. ಶಸ್ತ್ರಚಿಕಿತ್ಸೆಯೇ ಇದಕ್ಕೆ ಕಾರಣವೆಂದು ಖಚಿತವಾಗಿ ಹೇಳಲಾಗದು. ಗಟ್ಟಿಮುಟ್ಟಾದವರೇ ಅದಕ್ಕೆ ಮುಂದಾಗಿರಬಹುದು. ಆದರೂ ಕಾಣದವರು ಓದುವುದಿಲ್ಲ, ಹೊರಗೆ ಹೋಗುವುದಿಲ್ಲ, ನಾಲ್ಕು ಜನರೊಡನೆ ಬೆರೆಯುವುದಿಲ್ಲ. ಕೆಲಸವಿಲ್ಲದ ಮಿದುಳು ಸೊರಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ನಾನಿ ನೋಟು ಗುರುತಿಸಿದರು, ಮುಖ ಗುರುತಿಸಿದರು, ಚೀಲವನ್ನು ವಾಪಸು ಕೇಳಿ ಪಡೆದರು. ನಿನ್ನೆ ಬಂದು ಹೋದವರು ಯಾರೆಂಬುದು ಮಾತ್ರ ನೆನಪಿಗೆ ಬರುತ್ತಿರಲಿಲ್ಲ. ಅಷ್ಟರ ಮಟ್ಟಿನ ಮರೆವು ನಿಜವಾದದ್ದೇ ಆಗಿತ್ತು. ಉಳಿದದ್ದೆಲ್ಲ ಮಸುಕು.

2023ರಲ್ಲಿ ಪ್ರಕಟವಾದ ಒಂದು ಅಂದಾಜಿನಂತೆ ದೇಶದ ಹಿರಿಯರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ. ಅದನ್ನು ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಪೊರೆಗೆ ಚಿಕಿತ್ಸೆಯಿದೆ; ಸರಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ನಮ್ಮ ಊರಲ್ಲೇ ಇದೆ. ಹಿರಿಯರ ಕೈಯಿಂದ ಕೀಲಿ, ಚೀಲ, ಸೌಟು ಕಸಿದುಕೊಳ್ಳುವ ಮೊದಲು ಅವರನ್ನು ಒಮ್ಮೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯೋಣ. ಅದು ನಾವು ಅವರಿಗೆ ತೋರುವ ದಯೆಯಲ್ಲ, ಅವರಿಗೆ ಸಲ್ಲಬೇಕಾದ ಹಕ್ಕು.