ಮೇಡಂ ಬಿಟ್ಟುಹೋದ 41 ಆಬ್ಜೆಕ್ಟ್‌ಗಳು

ಐಫೋನ್ ಆ್ಯಪ್ ಬರೆಯುವ ಕೆಲಸಕ್ಕೆ ಇಂಟರ್‌ವ್ಯೂಗೆ ಬಂದವರಿಗೆ ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. ಎಕ್ಸ್‌ಸಿಟೆಸ್ಟ್‌ನಲ್ಲಿ ಒಂದು ಟೆಸ್ಟ್ ಕ್ಲಾಸ್ ಬರೆದಿದ್ದೀರಿ, ಅದರೊಳಗೆ 5 ಟೆಸ್ಟ್ ಮೆಥಡ್‌ಗಳಿವೆ. ರನ್ ಮಾಡಿದಾಗ ಆ ಕ್ಲಾಸಿನ ಎಷ್ಟು ಆಬ್ಜೆಕ್ಟ್‌ಗಳು ಹುಟ್ಟುತ್ತವೆ? "ಒಂದು ಸಾರ್" ಅನ್ನುವವರೇ ಜಾಸ್ತಿ. ಸರಿಯಾದ ಉತ್ತರ 5. ಒಂದೊಂದು ಟೆಸ್ಟಿಗೂ ಅದರದ್ದೇ ಆದ ಒಂದು ಆಬ್ಜೆಕ್ಟ್.

ಟೆಸ್ಟ್ ಪಾಸಾದರೆ ಸಾಕಲ್ವಾ, ಆಬ್ಜೆಕ್ಟ್ ಒಂದಾದರೇನು ಐದಾದರೇನು ಅಂತ ಅನ್ನಿಸಬಹುದು. ಬೆಳಗ್ಗೆ ತಿಂಡಿಗೆ ಹೋಗುವ ದರ್ಶಿನಿಯನ್ನೇ ನೆನಪು ಮಾಡಿಕೊಳ್ಳಿ. ನೀವು ದೋಸೆ ಹುಯ್ಯುವವನ ಮುಂದೆ ನಿಂತು "ಒಂದು ಮಸಾಲೆ" ಅಂತ ಕೂಗಿದರೆ ಆ ಮಾತು ಗಾಳಿಗೆ ಹೋಯಿತು. ಕ್ಯಾಶ್ ಕೌಂಟರಿನಲ್ಲಿ ದುಡ್ಡು ಕೊಟ್ಟು ಚೀಟಿ ತಂದುಕೊಟ್ಟರೆ ಅದೇ ಮಾತು ಒಂದು ವಸ್ತು ಆಗುತ್ತೆ. ಅದನ್ನು ಸಾಲಾಗಿ ಇಡಬಹುದು, ಎಣಿಸಬಹುದು, ರಾತ್ರಿ ಲೆಕ್ಕಕ್ಕೆ ತಾಳೆ ನೋಡಬಹುದು. ಕೊಟ್ಟವನು ಎದ್ದು ಹೋದರೂ ಚೀಟಿ ಅಲ್ಲೇ ಇರುತ್ತೆ.

ಟೆಸ್ಟನ್ನು ಆಬ್ಜೆಕ್ಟ್ ಮಾಡುವುದೂ ಇಷ್ಟೇ. "ಇದನ್ನು ಪರೀಕ್ಷಿಸು" ಅನ್ನುವ ಆಜ್ಞೆಗೆ ಒಂದು ಹೆಸರು, ಒಂದು ರೂಪ. ಕೆಂಟ್ ಬೆಕ್ ಇದನ್ನು ಮೊದಲು ಸ್ಮಾಲ್‌ಟಾಕ್ ಭಾಷೆಯಲ್ಲಿ ಮಾಡಿದ್ದರು. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೋಗುವ ವಿಮಾನದಲ್ಲಿ ಅವರೂ ಎರಿಕ್ ಗಾಮಾನೂ ಅಕ್ಕಪಕ್ಕ ಕೂತು ಅದನ್ನೇ ಜಾವಾಗೆ ತಂದರು. ಅದೇ ಜೆಯೂನಿಟ್. ಆ್ಯಂಡ್ರಾಯ್ಡ್‌ನವರು ಇವತ್ತಿಗೂ ಬಳಸುವುದು ಆ ವಂಶದ್ದನ್ನೇ. 2013ರಲ್ಲಿ ಎಕ್ಸ್‌ಕೋಡ್ 5ರ ಜೊತೆ ಬಂದ ಎಕ್ಸ್‌ಸಿಟೆಸ್ಟ್ ಕೂಡ ಅದೇ ಮನೆತನದ್ದು. ಇಲ್ಲಿ ಟೆಸ್ಟ್ ಒಂದು ಆಬ್ಜೆಕ್ಟ್. ಟೆಸ್ಟ್‌ಗಳ ಗುಂಪು ಅಂದರೆ ಸೂಟ್, ಅದೂ ಆಬ್ಜೆಕ್ಟ್. ಎಷ್ಟು ಹೊತ್ತು ಓಡಿತು, ಎಷ್ಟು ಕಡೆ ಬಿತ್ತು ಅಂತ ಬರೆದಿಟ್ಟುಕೊಳ್ಳುವುದಕ್ಕೂ ಬೇರೆ ಆಬ್ಜೆಕ್ಟ್.

ಇದೆಲ್ಲ ನನಗೆ ಪುಸ್ತಕದಲ್ಲಿ ಗೊತ್ತಿತ್ತು. ಮನಸ್ಸಿಗೆ ಇಳಿದದ್ದು ನಮ್ಮ ಟೆಸ್ಟರ್ ಮೇಡಂ ಕೆಲಸ ಹೋದ ತಿಂಗಳು.

ಆಗ ನಾವು ಮಾಡುತ್ತಿದ್ದದ್ದು ಟ್ರಿಪ್ಪಿನ ಖರ್ಚನ್ನು ಸ್ನೇಹಿತರ ನಡುವೆ ಹಂಚುವ ಆ್ಯಪ್. ಪ್ರತಿ ರಿಲೀಸಿಗೆ ಮುಂಚೆ ಮೇಡಂ ಎರಡು ಫೋನ್ ಇಟ್ಟುಕೊಂಡು ಒಂದು ಇಡೀ ದಿನ ಕೂರುತ್ತಿದ್ದರು. ಅವರ ಹತ್ತಿರ 60 ಸಾಲಿನ ಒಂದು ಎಕ್ಸೆಲ್ ಶೀಟ್ ಇತ್ತು. ಒಂದೊಂದು ಸಾಲಿನ ಹಿಂದೆಯೂ ಯಾವುದೋ ಹಳೇ ಕಂಪ್ಲೇಂಟ್, ಯಾವುದೋ ಶನಿವಾರ ರಾತ್ರಿಯ ಫೋನ್ ಕಾಲ್. ಒಂದು ದಿನ ಮೇಲಿನಿಂದ ಹೇಳಿಕೆ ಬಂತು: ಇನ್ನು ಪ್ರತ್ಯೇಕ ಟೆಸ್ಟರ್ ಹುದ್ದೆ ಇಲ್ಲ, ಡೆವಲಪರ್‌ಗಳೇ ಟೆಸ್ಟ್ ಬರೆಯಬೇಕು. ಮೇಡಂಗೆ ಒಂದು ತಿಂಗಳು ಟೈಮು, ಅಷ್ಟರಲ್ಲಿ ನನಗೆ ಕೆ.ಟಿ. ಕೊಡಬೇಕು. ಕೆ.ಟಿ. ಅಂದರೆ ಏನು ಅಂತ ಐಟಿಯವರಿಗೆ ಹೇಳಬೇಕಿಲ್ಲ. ಹೋಗುವವರ ತಲೆಯಲ್ಲಿರುವುದನ್ನು ಇರುವವರ ತಲೆಗೆ ಸುರಿದುಕೊಳ್ಳುವ ಶಾಸ್ತ್ರ.

ಮೊದಲ ದಿನವೇ ಅವರು ನಗುತ್ತಾ ಕೇಳಿದರು, "ಇದನ್ನೆಲ್ಲ ನೀವು ಬರೆದುಕೊಂಡ ಮೇಲೆ ನಾನು ಯಾತಕ್ಕೆ ಬೇಕು ಅನ್ನೋದಕ್ಕೆ ಇವರ ಹತ್ತಿರ ಪ್ರೂಫ್ ಸಿಗುತ್ತೆ, ಅಲ್ವೇನ್ರೀ?" ನಾನು ಏನೂ ಹೇಳಲಿಲ್ಲ. ಹೇಳುವಂಥ ಉತ್ತರ ಇರಲಿಲ್ಲ.

ಶೀಟಿನ ಮೊದಲ ಸಾಲು: 100 ರೂಪಾಯಿ, 3 ಜನ. ತಲಾ 33.33 ಅಂದರೆ ಮೊತ್ತ 99.99, ಒಂದು ಪೈಸೆ ಎಲ್ಲಿ ಹೋಯಿತು? ಪೈಸೆಯಲ್ಲೇ ಲೆಕ್ಕ ಇಟ್ಟು, ಉಳಿದ ಒಂದು ಪೈಸೆಯನ್ನು ಯಾರಾದರೂ ಒಬ್ಬರಿಗೆ ಸೇರಿಸಬೇಕು. ಇನ್ನೊಂದು ಸಾಲು: ರಾತ್ರಿ 1 ಗಂಟೆಗೆ ಢಾಬಾದಲ್ಲಿ ಕೊಟ್ಟ ಬಿಲ್. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ, ಹಾಗಾಗಿ ಸರ್ವರ್ ಲೆಕ್ಕದಲ್ಲಿ ಅದು ಹಿಂದಿನ ದಿನದ ಸಂಜೆ 7.30. ತಾರೀಖು ತಪ್ಪಾಗಿ ಕಾಣಬಾರದು. ಒಂದೊಂದನ್ನೂ ಒಂದೊಂದು ಟೆಸ್ಟ್ ಮಾಡಿದೆವು. ಹೆಸರನ್ನು ಮೇಡಮ್ಮೇ ಹೇಳುತ್ತಿದ್ದರು. ಉದ್ದವಾದರೂ ಪರವಾಗಿಲ್ಲ, ಬಿದ್ದಾಗ ಹೆಸರು ಓದಿದರೆ ಏನಾಗಿದೆ ಅಂತ ಗೊತ್ತಾಗಬೇಕು ಅನ್ನೋದು ಅವರ ಷರತ್ತು.

ಎರಡನೇ ವಾರ ಒಂದು ವಿಷಯಕ್ಕೆ ಅವರು ಬಹಳ ಖುಷಿಪಟ್ಟರು. ಪ್ರತಿ ಟೆಸ್ಟಿಗೂ ಹೊಸ ಆಬ್ಜೆಕ್ಟ್ ಯಾಕೆ ಅಂತ ವಿವರಿಸಿದೆ. ಹಿಂದಿನ ಟೆಸ್ಟ್ ತನ್ನೊಳಗೆ ಇಟ್ಟುಕೊಂಡಿದ್ದ ಎಂಜಲು ಮುಂದಿನದಕ್ಕೆ ತಗಲಬಾರದು, ಅದಕ್ಕೆ. "ಅಯ್ಯೋ, ನಾನು ಪ್ರತಿ ಸಲ ಆ್ಯಪ್ ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡೋದು ಇದಕ್ಕೇ ಅಲ್ವಾ!" ಅಂದರು. ಆದರೆ ತಕ್ಷಣ ಅನುಮಾನವೂ ಅವರದೇ: "ಫೋನಲ್ಲಿ ಸೇವ್ ಆಗಿರೋ ಸೆಟ್ಟಿಂಗು?" ಪಾಯಿಂಟು ಸರಿಯಾಗಿತ್ತು. ಆಬ್ಜೆಕ್ಟ್ ಹೊಸದಾದರೂ ಅದರ ಹೊರಗಿರುವ ಯೂಸರ್ ಡೀಫಾಲ್ಟ್ಸ್, ಸಿಂಗಲ್‌ಟನ್, ಡೇಟಾಬೇಸ್ ಎಲ್ಲ ಹಳೆಯವೇ. ಅದನ್ನು ಟೇರ್‌ಡೌನ್‌ನಲ್ಲಿ ನಾವೇ ತೊಳೆಯಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಎಕ್ಸ್‌ಸಿಟೆಸ್ಟ್ ಎಲ್ಲ ಟೆಸ್ಟ್ ಆಬ್ಜೆಕ್ಟ್‌ಗಳನ್ನೂ ಶುರುವಿನಲ್ಲೇ ಹುಟ್ಟಿಸಿ ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತೆ. ಹಾಗಾಗಿ ಪ್ರಾಪರ್ಟಿಯಲ್ಲಿ ಇಟ್ಟ ದೊಡ್ಡ ವಸ್ತುಗಳನ್ನು ನಾವೇ ಬಿಡಿಸದಿದ್ದರೆ ಅವು ಮೆಮೊರಿಯಲ್ಲಿ ಕೂತೇ ಇರುತ್ತವೆ. 2024ರಲ್ಲಿ ಬಂದ ಸ್ವಿಫ್ಟ್ ಟೆಸ್ಟಿಂಗ್‌ನಲ್ಲಿ ಕ್ಲಾಸೇ ಬೇಕಿಲ್ಲ, ಸ್ಟ್ರಕ್ಟ್ ಸಾಕು. ಆದರೂ ಪ್ರತಿ ಟೆಸ್ಟಿಗೆ ಹೊಸ ಪ್ರತಿ ಅನ್ನೋ ಮಡಿ ಮಾತ್ರ ಬಿಟ್ಟಿಲ್ಲ.

ತಿಂಗಳು ಮುಗಿಯುವಾಗ 60 ಸಾಲಿನಲ್ಲಿ 41 ಆಬ್ಜೆಕ್ಟ್‌ಗಳಾಗಿದ್ದವು. ಮೂರು ನಿಮಿಷವೂ ಬೇಡ, ಅಷ್ಟೂ ಓಡಿ ಮುಗಿಯುತ್ತಿದ್ದವು. ಕೊನೆಯ ಐದಾರನ್ನು ಅವರೇ ಟೈಪ್ ಮಾಡಿ, ತಮ್ಮ ಲಾಗಿನ್ನಿನಿಂದಲೇ ಕಮಿಟ್ ಮಾಡಿದರು. ಪೈಸೆಯ ಟೆಸ್ಟನ್ನು ಹಟ ಮಾಡಿ ಮತ್ತೆ ಮೊದಲಿನಿಂದ ಬರೆದರು.

ಉಳಿದ 19 ಸಾಲು ಯಾವ ಆಬ್ಜೆಕ್ಟಿಗೂ ಬಗ್ಗಲಿಲ್ಲ. "ಬಿಸಿಲಲ್ಲಿ ನಿಂತು ನೋಡು." "ಬಾಕಿ ಕೇಳುವ ಮೆಸೇಜು ಸ್ನೇಹಿತರಿಗೆ ಸಾಲಗಾರರ ಥರ ಅನ್ನಿಸುತ್ತಾ?" "ಅಮ್ಮನ ಕೈಗೆ ಕೊಟ್ಟು ಸುಮ್ಮನೆ ಕೂತುಕೋ." ಅಸರ್ಟ್ ಮಾಡುವುದಕ್ಕೆ ಇವಕ್ಕೆ ನಿರೀಕ್ಷಿತ ಉತ್ತರ ಅಂತ ಒಂದಿಲ್ಲ. ಮನುಷ್ಯರೇ ನೋಡಬೇಕು. ಹುದ್ದೆ ತೆಗೆದವರ ಲೆಕ್ಕದಲ್ಲಿ ಈ 19 ಇರಲಿಲ್ಲ. ನಾನು ಮೀಟಿಂಗಿನಲ್ಲಿ ಎತ್ತಿದೆ. "ನೋಟೆಡ್" ಅಂದರು.

ನಾಲ್ಕು ತಿಂಗಳಾದ ಮೇಲೆ ಹೊಸದಾಗಿ ಸೇರಿದ ಹುಡುಗನೊಬ್ಬ ಹಂಚಿಕೆಯ ಕೋಡನ್ನು ಚುಟುಕು ಮಾಡಿದ. ನೋಡೋಕೆ ಚೆನ್ನಾಗೇ ಇತ್ತು, ಮೂವರಿಗೂ ಸಮನಾಗಿ 33.33. ಒಂದು ಟೆಸ್ಟ್ ಕೆಂಪಾಯಿತು. ಕನ್ನಡದಲ್ಲಿ ಹೇಳುವುದಾದರೆ ಅದರ ಹೆಸರು, "ನೂರು ರೂಪಾಯಿ ಮೂವರಿಗೆ ಹಂಚಿದಾಗ ಪೈಸೆ ಕಳೆಯಬಾರದು". ಎರಡೇ ನಿಮಿಷದಲ್ಲಿ ಅವನಿಗೆ ಅರ್ಥವಾಯಿತು. ಗಿಟ್‌ನಲ್ಲಿ ಬರೆದವರ ಹೆಸರು ನೋಡಿ ನನ್ನ ಡೆಸ್ಕಿಗೆ ಬಂದ. "ಇವರು ಯಾರು ಸಾರ್? ಒಂದು ಥ್ಯಾಂಕ್ಸ್ ಹೇಳಬೇಕಿತ್ತು, ಟೀಮ್ ಲಿಸ್ಟಲ್ಲಿ ಕಾಣ್ತಾ ಇಲ್ಲ."

ಹೇಳಿದೆ. ಮೇಡಂ ನಂಬರ್ ಕೊಟ್ಟೆ, ಆ 19 ಸಾಲಿನ ಶೀಟನ್ನೂ ಕಳಿಸಿದೆ. ಈಗ ಪ್ರತಿ ರಿಲೀಸಿಗೆ ಮುಂಚೆ ಅವನು ಫೋನ್ ಹಿಡಿದುಕೊಂಡು ಬಿಸಿಲಿಗೆ ಹೋಗಿ ನಿಲ್ಲುತ್ತಾನೆ.