ಹಿನ್ನೀರ ದಂಡೆಯ ಜಪಸರ

ಜಪಸರದ ರಹಸ್ಯಗಳಲ್ಲಿ, ಅಂದರೆ ಮಣಿ ಎಣಿಸುತ್ತಾ ಧ್ಯಾನಿಸುವ ಯೇಸು ಮತ್ತು ಮರಿಯಮ್ಮನ ಬದುಕಿನ ಘಟನೆಗಳಲ್ಲಿ, ಎಷ್ಟೊಂದು ಕಾಲ್ನಡಿಗೆ ಇದೆ! ಸೋಮವಾರ, ಶನಿವಾರಗಳಂದು ಧ್ಯಾನಿಸುವ ಸಂತೋಷದ ರಹಸ್ಯಗಳನ್ನೇ ನೋಡಿ. ಗರ್ಭಿಣಿ ಮರಿಯಮ್ಮ ನಜರೇತಿನಿಂದ ಹೊರಟು ಯೂದಾಯದ ಗುಡ್ಡಗಾಡಿನಲ್ಲಿದ್ದ ಎಲಿಜಬೇತಮ್ಮನ ಮನೆಗೆ ಅವಸರದಿಂದ ಹೋದಳು ಎಂದು ಲೂಕ ಬರೆಯುತ್ತಾನೆ. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಅದು. ಹನ್ನೆರಡು ವರ್ಷದ ಮಗ ಯೇಸು ಗುಂಪಿನಲ್ಲಿಲ್ಲ ಎಂದು ತಂದೆತಾಯಿಗೆ ಗೊತ್ತಾಗುವುದು ಜೆರುಸಲೇಮಿನಿಂದ ಒಂದು ದಿನದ ದಾರಿ ಸವೆಸಿದ ಮೇಲೆ. ಹುಡುಕುತ್ತಾ ಅಷ್ಟೂ ದೂರ ಮತ್ತೆ ಹಿಂದಕ್ಕೆ ನಡೆಯುತ್ತಾರೆ. ದುಃಖದ ರಹಸ್ಯಗಳಿಗೆ ಬಂದರೆ ಶಿಲುಬೆ ಹೊತ್ತ ನಡಿಗೆ. ಆ ಹೊತ್ತಿಗೆ ಹೊಲದ ಕಡೆಯಿಂದ ಬರುತ್ತಿದ್ದ ಸಿರೇನಿನ ಸಿಮೋನನನ್ನು ಸೈನಿಕರು ಹಿಡಿದು ಶಿಲುಬೆ ಹೊರಿಸುತ್ತಾರೆ. ಮನೆಯಲ್ಲಿ ಪೀಠದ ಮುಂದೆ ಮಂಡಿಯೂರಿ ಹೇಳುವಾಗ ಇವೆಲ್ಲ ಚಿತ್ರಪಟಗಳ ಹಾಗೆ ಒಂದೊಂದಾಗಿ ಸರಿದುಹೋಗುತ್ತವೆ. ನಡೆಯುತ್ತಾ ಹೇಳಿದಾಗ ಅವುಗಳ ದೂರ ಕಾಲಿಗೆ ತಿಳಿಯುತ್ತದೆ, ಬಿಸಿಲು ನೆತ್ತಿಗೆ ತಿಳಿಯುತ್ತದೆ.

ನಾನು ಜಪಸರ ಹಿಡಿದು ನಡೆಯಲು ಇಷ್ಟಪಡುವ ಜಾಗ ಹಾಸನದ ಹತ್ತಿರದ ಶೆಟ್ಟಿಹಳ್ಳಿ. ಅಲ್ಲಿ ಫ್ರೆಂಚ್ ಮಿಷನರಿಗಳು 1860ರ ಸುಮಾರಿಗೆ ಕಟ್ಟಿಸಿದ ಚರ್ಚು ಇದೆ, ಜಪಮಾಲೆ ಮಾತೆಯ ಹೆಸರಿನದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಊರನ್ನೂ ಚರ್ಚನ್ನೂ ಸುತ್ತುವರಿಯಿತು, ಜನ ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಅರ್ಧ ಗೋಡೆಯವರೆಗೆ ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಒಳಗೆ ನಡೆದೇ ಹೋಗಬಹುದು. ಮಾಡು ಇಲ್ಲ, ಪೀಠ ಇಲ್ಲ, ಬಾಗಿಲಿಲ್ಲ. ಕಮಾನುಗಳು ಆಕಾಶಕ್ಕೆ ತೆರೆದುಕೊಂಡಿವೆ. ಒಂದೊಂದು ಮಳೆಗಾಲಕ್ಕೂ ಗೋಡೆ ಇಷ್ಟಿಷ್ಟೇ ಕರಗುತ್ತಿದೆ. ಫೋಟೋ ತೆಗೆಯಲು ಬರುವವರು ಸಾಕಷ್ಟು ಜನ, ಮದುವೆಗೆ ಮುಂಚಿನ ಜೋಡಿಗಳೂ ಬರುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜಪಮಾಲೆಯ ಹೆಸರು ಹೊತ್ತ ಜಾಗದಲ್ಲಿ ಯಾರಾದರೂ ಜಪಮಾಲೆ ಹೇಳಬೇಕು ಎಂದು ನನ್ನ ಮನಸ್ಸಿಗೆ ಬಲವಾಗಿ ಅನ್ನಿಸುತ್ತದೆ. ಊರೇ ಇಲ್ಲದ ಚರ್ಚಿಗೆ ಅಷ್ಟಾದರೂ ಸಲ್ಲಬೇಕು.

ಏಪ್ರಿಲ್ ತಿಂಗಳ ಬೆಳಗಿನ ಹೊತ್ತು ಹಿನ್ನೀರಿನ ದಂಡೆ ಹಿಡಿದು ನಡೆದರೆ ಮೊದಲು ಸಿಗುವುದು ಬಿರಿದ ಕೆಸರು. ಎಮ್ಮೆಗಳು ತುಳಿದ ಗುರುತು ಹಾಗೇ ಒಣಗಿ ಗಟ್ಟಿಯಾಗಿರುತ್ತದೆ, ನೋಡಿ ಹೆಜ್ಜೆ ಇಡದಿದ್ದರೆ ಕಾಲು ಉಳುಕುತ್ತದೆ. ಆಚೆಗೆ ಬೆರಳುದ್ದದ ಹೊಸ ಹುಲ್ಲು, ಅದರ ಮಧ್ಯೆ ಬಿಳಿ ಚಿಪ್ಪುಗಳು. ನೀರಿನಲ್ಲಿ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ, ಒಂದೊಂದರ ಮೇಲೂ ನೀರುಕಾಗೆ. ಅದು ಮುಳುಗೆದ್ದು ಬಂದು ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಮುಖ ಮಾಡಿ ಅಲ್ಲಾಡದೆ ನಿಲ್ಲುತ್ತದೆ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಆದಿ ಕ್ರೈಸ್ತರು ಬರೆದ ಚಿತ್ರಗಳಿವೆ. ಅವುಗಳಲ್ಲಿ ಪ್ರಾರ್ಥಿಸುವವರು ನಿಂತಿರುವುದು ಹೀಗೆಯೇ, ಎರಡೂ ಕೈ ಚಾಚಿ. ಬಲಿಪೂಜೆಯಲ್ಲಿ ಗುರುಗಳು ಇಂದಿಗೂ ಕೈ ಅಗಲಿಸುವುದು ಅದೇ ರೀತಿಯಲ್ಲಿ.

ಮಣಿ ಕೈಯಲ್ಲಿದ್ದರೆ ಎಣಿಕೆಯ ಚಿಂತೆ ಇಲ್ಲ. ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯ, ಮತ್ತೆ ಒಂದು ದೊಡ್ಡ ಮಣಿ. ಸಮನೆಲದಲ್ಲಿ ಮಂತ್ರದ ಮೊದಲರ್ಧವೂ ಕೊನೆಯರ್ಧವೂ ಉಸಿರಿಗೆ ತಾನಾಗಿ ಹೊಂದಿಕೊಳ್ಳುತ್ತವೆ. ಏರು ಬಂದರೆ ನಡುವೆ ತುಂಡಾಗುತ್ತದೆ, ಇಳಿಜಾರಿನಲ್ಲಿ ಓಡುತ್ತದೆ. ಮೊದಲ ಹತ್ತು ಮಣಿ ಮುಗಿಯುವವರೆಗೂ ನನ್ನ ತಲೆಯಲ್ಲಿ ಬೇಡಿಕೆಗಳದೇ ಗದ್ದಲ. ತಂಗಿಯ ಮಗಳ ಪರೀಕ್ಷೆ, ಬ್ಯಾಂಕಿನ ಕಂತು, ಊರಲ್ಲಿರುವ ಅಮ್ಮನ ಮಂಡಿನೋವು. ಅವುಗಳನ್ನು ನಾನು ದೂರ ತಳ್ಳುವುದಿಲ್ಲ, ಅವೂ ಜೊತೆಯಲ್ಲಿ ಬರಲಿ. ಎರಡನೆಯ ಹತ್ತರ ಹೊತ್ತಿಗೆ ಅವು ಸ್ವಲ್ಪ ಹಿಂದೆ ಬೀಳುತ್ತವೆ. ಹೊಂಗೆ ಮರದಡಿ ಬಂದಾಗ ಮೇಲೆ ಜೇನುಹುಳಗಳ ಗುಂಯ್‌ಗುಡುವಿಕೆ ಕೇಳುತ್ತದೆ, ಕೆಳಗೆ ನಸುನೇರಳೆ ಹೂವಿನ ಹಾಸು ಕಾಣುತ್ತದೆ. ಆಮೇಲೆ ಕೇಳಿಕೊಳ್ಳುವುದಕ್ಕೆ ಏನೂ ಉಳಿದಿರುವುದಿಲ್ಲ. ಮಾತು ಬಾಯಲ್ಲಿ ನಡೆಯುತ್ತಿರುತ್ತದೆ, ನಾನು ಅದರ ಹಿಂದೆ ನಡೆಯುತ್ತಿರುತ್ತೇನೆ.

ಹೊಲದಲ್ಲಿ ದುಡಿಯುವವರಿಗೆ ಹೀಗೆ ಬಯಲಲ್ಲಿ ಪ್ರಾರ್ಥಿಸುವುದು ಹೊಸದಲ್ಲ. ನಮ್ಮ ಅಜ್ಜಿಯ ಕಾಲದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಚರ್ಚಿನ ಗಂಟೆ ಬಾರಿಸಿದರೆ ತ್ರಿಕಾಲ ಪ್ರಾರ್ಥನೆ. ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ, ಕುಡುಗೋಲು ನೆಲಕ್ಕಿಟ್ಟು, ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ಸಾಲಿನಿಂದ ಯಾರೂ ಆಚೆ ಹೋಗುತ್ತಿರಲಿಲ್ಲ. ಪ್ರಾರ್ಥನೆ ಮುಗಿಯುತ್ತಲೇ ಅದೇ ಸಾಲಿನಲ್ಲಿ ಕೆಲಸ ಮುಂದುವರಿಯುತ್ತಿತ್ತು.

ಮರದ ಕೆಳಗೆ ನಿಂತು ಪ್ರಾರ್ಥಿಸುವುದನ್ನು ಕಂಡು ಕೆಲವರಿಗೆ ಸಂಶಯ ಬರುತ್ತದೆ, ಇದು ನಮ್ಮ ಧರ್ಮಕ್ಕೆ ಒಗ್ಗುತ್ತದೆಯೇ ಎಂದು. ಪ್ರಾಮಾಣಿಕ ಪ್ರಶ್ನೆ, ಉತ್ತರ ಕೊಡಲೇಬೇಕು. ನಾನು ಮರಕ್ಕೆ ಕೈಮುಗಿಯುತ್ತಿಲ್ಲ. ಮರದ ಪಕ್ಕ ನಿಂತು, ಮರವನ್ನೂ ನನ್ನನ್ನೂ ಮಾಡಿದವನಿಗೆ ಕೈಮುಗಿಯುತ್ತಿದ್ದೇನೆ. 148ನೆಯ ಕೀರ್ತನೆಯನ್ನು ಓದಿದವರಿಗೆ ಇದು ಸ್ಪಷ್ಟ. ಅಲ್ಲಿ ಸೂರ್ಯಚಂದ್ರರಿಂದ ಹಿಡಿದು ಹಣ್ಣಿನ ಮರ, ಕಾಡುಮೃಗ, ದನಕರು, ಹರಿದಾಡುವ ಜಂತುಗಳವರೆಗೆ ಎಲ್ಲವನ್ನೂ ಸ್ತುತಿಗೆ ಕರೆದ ಮೇಲೆ ಕೊನೆಯಲ್ಲಿ ಬರುವವರು ಮನುಷ್ಯರು. ಆಲಿಕಲ್ಲಿಗೂ ಬಿರುಗಾಳಿಗೂ ಆ ಪಟ್ಟಿಯಲ್ಲಿ ಜಾಗವಿದೆ. ಹೊಂಗೆ ಹೂವು ಮಾತ್ರ ಸ್ತುತಿಸುತ್ತದೆ, ಆಲೂಗಡ್ಡೆ ಬೆಳೆಯನ್ನು ಕೊಳೆಸುವ ಮಳೆ ಸ್ತುತಿಸುವುದಿಲ್ಲ ಎಂದು ನಾವು ಆರಿಸಿಕೊಳ್ಳುವ ಹಾಗಿಲ್ಲ. ಹಾಸನದ ರೈತರ ಮುಂದೆ ಇದನ್ನು ಹೇಳುವುದು ಸುಲಭವಲ್ಲ, ಆದರೂ ಕೀರ್ತನೆ ಹಾಗೆಯೇ ಇದೆ.

ಅಸಿಸಿಯ ಸಂತ ಫ್ರಾನ್ಸಿಸ್ ಸೂರ್ಯನನ್ನು ಅಣ್ಣ ಎಂದೂ ನೀರನ್ನು ತಂಗಿ ಎಂದೂ ಕರೆದು ಹಾಡು ಕಟ್ಟಿದ್ದು 1225ರ ಆಸುಪಾಸಿನಲ್ಲಿ. ಆ ಹೊತ್ತಿಗೆ ಅವರ ಕಣ್ಣು ಎಷ್ಟು ಕೆಟ್ಟಿತ್ತೆಂದರೆ ಹಗಲಿನ ಬೆಳಕನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಸೂರ್ಯನನ್ನು ಕಣ್ಣೆತ್ತಿ ನೋಡಲಾರದ ಮನುಷ್ಯ ಸೂರ್ಯನಿಗಾಗಿ ದೇವರಿಗೆ ವಂದನೆ ಹೇಳಿದ. 2015ರಲ್ಲಿ ಪೋಪ್ ಫ್ರಾನ್ಸಿಸ್ ಭೂಮಿಯ ಆರೈಕೆಯ ಬಗ್ಗೆ ಬರೆದ ವಿಶ್ವಪತ್ರಕ್ಕೆ ಹೆಸರು ಬಂದದ್ದು ಆ ಹಾಡಿನಿಂದಲೇ. ಪ್ರಕೃತಿಯ ನಡುವಿನ ಪ್ರಾರ್ಥನೆ ಎಂದರೆ ಚೆಂದದ ನೋಟ ಸವಿಯುವುದು ಎಂದುಕೊಂಡವರು ಆ ಸಂತನ ಕಣ್ಣಿನ ನೋವನ್ನು ಒಮ್ಮೆ ನೆನೆಯಬೇಕು.

ಶೆಟ್ಟಿಹಳ್ಳಿಯ ಗೋಡೆಯ ಮೇಲೆ ನೀರು ನಿಂತು ಇಳಿದ ಗೆರೆಗಳಿವೆ, ಒಂದರ ಮೇಲೊಂದು. ಕೈ ಎತ್ತಿದರೂ ಎಟುಕದಷ್ಟು ಎತ್ತರದಲ್ಲಿ ಒಂದು ಗೆರೆ. ಹೇಮಾವತಿ ಹುಟ್ಟುವುದು ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ, ಸೇರುವುದು ಕಾವೇರಿಯನ್ನು. ಆ ನೀರಿನಿಂದ ಎಷ್ಟೋ ಹೊಲಗದ್ದೆಗಳು ಹಸಿರಾಗಿವೆ, ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. ಅದೇ ನೀರು ಇಲ್ಲಿನ ಹೊಲ, ಮನೆ, ನಾಮಕರಣ ಮತ್ತು ಮದುವೆಗಳು ನಡೆದ ಪೀಠ ಎಲ್ಲವನ್ನೂ ತೆಗೆದುಕೊಂಡಿದೆ. ನಾಲ್ಕನೆಯ ದುಃಖದ ರಹಸ್ಯವನ್ನು, ಆ ಶಿಲುಬೆಯ ನಡಿಗೆಯನ್ನು, ನಾನು ಈ ಗೋಡೆಯ ನೆರಳಲ್ಲಿ ಹೇಳುತ್ತೇನೆ, ಮೂಟೆ ಹೊತ್ತು ಊರು ಬಿಟ್ಟವರಿಗಾಗಿ. ತಾವು ಬಯಸದೆ ಹೆಗಲಿಗೆ ಬಂದ ಭಾರ ಹೊತ್ತವರು ಅವರು, ಸಿಮೋನನ ಹಾಗೆ. ಇಲ್ಲಿ ವಂದನೆಯನ್ನು ಮಾತ್ರ ಹೇಳಿ ಅಳಲನ್ನು ನುಂಗಿಕೊಂಡರೆ ಅದು ಅರ್ಧ ಪ್ರಾರ್ಥನೆ. ಕೀರ್ತನೆಗಳ ಪುಸ್ತಕದಲ್ಲಿ ಅಳುವ ಕೀರ್ತನೆಗಳು ಕಡಿಮೆಯೇನಿಲ್ಲ.

ಮಹಿಮೆಯ ರಹಸ್ಯಗಳಲ್ಲಿ ಸೇರದಿದ್ದರೂ ವಾಪಸು ಹೊರಟಾಗ ನನಗೆ ನೆನಪಾಗುವುದು ಎಮ್ಮಾವಿನ ದಾರಿ. ಜೆರುಸಲೇಮಿನಿಂದ ಸುಮಾರು 11 ಕಿಲೋಮೀಟರ್ ದೂರದ ಊರಿಗೆ ಯೇಸು ಸತ್ತ ದುಃಖದಲ್ಲಿ ಇಬ್ಬರು ಶಿಷ್ಯರು ಸೋತ ಮುಖ ಹಾಕಿಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಜೊತೆಯಾದವನು ಪುನರುತ್ಥಾನಗೊಂಡ ಯೇಸುವೇ ಎಂದು ಅವರಿಗೆ ತಿಳಿಯಲಿಲ್ಲ. ಆದರೂ ತಮ್ಮ ದುಃಖವನ್ನೆಲ್ಲ ಅವನ ಮುಂದೆ ಬಿಚ್ಚಿಟ್ಟರು, ಅವನು ಕೇಳಿಸಿಕೊಂಡ. ಪ್ರಾರ್ಥನೆ ಎಂದು ಗೊತ್ತಿಲ್ಲದೆಯೇ ಅವರು ಅಷ್ಟು ದೂರ ಪ್ರಾರ್ಥಿಸಿದ್ದರು. ಗುರುತು ಸಿಕ್ಕಿದ್ದು ಮನೆಯೊಳಗೆ, ಊಟಕ್ಕೆ ಕೂತು ರೊಟ್ಟಿ ಮುರಿದಾಗ. ಕತ್ತಲಾಗಿತ್ತು, ನಡೆದು ದಣಿದಿದ್ದರು. ಆದರೂ ಅದೇ ಗಳಿಗೆಯಲ್ಲಿ ಎದ್ದು, ಉಳಿದವರಿಗೆ ಸುದ್ದಿ ಹೇಳಲು ಜೆರುಸಲೇಮಿನ ಕಡೆಗೆ ಮತ್ತೆ ಹೊರಟರು.